ತುಂಬುತೋಳು

ಜುಲೈ ತಿಂಗಳ ಬ್ಯಾಲರಟ್. ಬೆಳಗಿನ ಒಂಬತ್ತಕ್ಕೂ
ಕಾರಿನ ಗಾಜಿನ ಮೇಲೆ ಹಿಮದ ಪೊರೆ,
ಲೈಬ್ರರಿ ಕಾರ್ಡಿನಿಂದ ಕೆರೆದು ತೆಗೆದೆ.
ಹಿಂದಿನ ಸೀಟಿನಲ್ಲಿ ಇಂಚರ, ಹತ್ತು ವರ್ಷ,
ಬೆಲ್ಟಿನೊಳಗೇ ಕಾಲ್ಬೆರಳು ಚಾಚಿ, ಮಡಿಸಿ, ಚಾಚಿ.

ನೃತ್ಯದುಡುಪಿನ ಅಂಗಡಿಯ ಗ್ಲೆನಿಸ್ ಕೇಳಿದಳು:
ತೋಳಿಲ್ಲದ್ದೋ, ಗಿಡ್ಡ ತೋಳೋ, ಮುಕ್ಕಾಲೋ?
ತುಂಬುತೋಳು, ಅಂದೆ, ಅವಳ ಮಾತು ಮುಗಿಯುವ ಮೊದಲೇ.
ಚರ್ಚಿನ ಹಾಲು ನೋಡಿ, ತಗಡಿನ ಸೂರು,
ಇರುವುದೊಂದೇ ಹೀಟರು, ಚಳಿ, ಅಂದೆ.
ಕಾರಣ ಯಾರೂ ಕೇಳಿರಲಿಲ್ಲ.

ಕಾರಣ ಮೊಣಕೈ ಬಳಿ ಇತ್ತು.
ಹೋದ ವರ್ಷ ಅಕ್ಕಿಕಾಳಿನಷ್ಟು,
ಈಗ ಅಂಗೈಯಗಲ, ಗಡಿ ಬದಲಿಸುತ್ತ
ಮಣಿಕಟ್ಟಿಗಿಳಿದು
ಬೆರಳ ಗೆಣ್ಣುಗಳಿಗೆ ಸುಣ್ಣ ಹಚ್ಚಿದೆ.
ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದರು, ನೋವಿಲ್ಲ ಅಂದರು.
ರಾಣೆಬೆನ್ನೂರಿನಿಂದ ಅತ್ತೆ ಫೋನಿನಲ್ಲಿ
ಗಿಡ್ಡ ಹೆಸರು ಹೇಳಿದರು, ದನಿ ತಗ್ಗಿಸಿ,
ಅವರ ಅಡುಗೆಮನೆಯಲ್ಲಿ ಆಗ ಅವರೊಬ್ಬರೇ ಇದ್ದರೂ.

ಗ್ಲೆನಿಸ್ ಮೇಜಿನ ಮೇಲೆ ಹರವಿದಳು.
ಹತ್ತಿಯದು: ಬೆವರು ಕುಡಿಯುತ್ತದೆ,
ಮೂರು ಒಗೆತಕ್ಕೆ ಮೊಣಕೈ ಜೋಲುತ್ತದೆ.
ನೈಲಾನು: ಮೀನಿನ ಹಾಗೆ, ಹಿಡಿದರೆ ಜಾರು.
ಜಾಳಿಗೆ ತೋಳಿನದು ಮುಚ್ಚಿಯೂ ಮುಚ್ಚುವುದಿಲ್ಲ,
ಅದನ್ನೇ ಮೊದಲು ಪಕ್ಕಕ್ಕೆ ಸರಿಸಿದೆ.
ಕೊನೆಗೆ ಕರೀ ಮಖಮಲ್ಲು.
ತರಗತಿಗೂ ಆಯಿತು, ವರ್ಷದ ಕೊನೆಯ ಪ್ರದರ್ಶನಕ್ಕೂ.

‘ಕೈ ಇಳಿಬಿಟ್ಟು ಅಳೀಬೇಡಿ’ ಅಂದಳು ಗ್ಲೆನಿಸ್,
ತುಟಿಯ ನಡುವೆ ಗುಂಡುಪಿನ್ನು.
‘ಇಳಿಬಿಟ್ಟ ಕೈಗೆ ಎಲ್ಲ ತೋಳೂ ಸರಿಯೇ. ಎತ್ತಲಿ.’
ಎತ್ತಿದಳು.
ಎರಡು ಬೆರಳಷ್ಟು ಮಣಿಕಟ್ಟು ಹೊರಬಂತು, ಬೆಳ್ಳಗೆ.
ಒಂದು ಸೈಜು ದೊಡ್ಡದು ಕೊಡಿ, ಅಂದೆ.
ಅಲ್ಲ, ಎರಡು.
ಇಂಚರ ನನ್ನ ನೋಡಿದಳು, ಕನ್ನಡಿಯಲ್ಲಿ, ಕನ್ನಡಿಯಲ್ಲಷ್ಟೇ.
‘ಕಂಕುಳಲ್ಲಿ ನೆರಿಗೆ ಬೀಳ್ತದಮ್ಮಾ.’
ಒಂದಕ್ಕೆ ಒಪ್ಪಂದವಾಯಿತು.

ಡಿಸೆಂಬರು. ಮೂವತ್ತೊಂಬತ್ತು ಡಿಗ್ರಿ.
ಡಾಂಬರು ಚಪ್ಪಲಿಗೆ ಅಂಟುವ ಮಧ್ಯಾಹ್ನ.
ಟೀಚರು ಬರೆದು ಕಳಿಸಿದ್ದರು: ಎಲ್ಲರೂ ಕಪ್ಪು, ತೋಳು ನಿಮ್ಮಿಷ್ಟ.
ಗಿಡ್ಡ ತೋಳಿನದು ತರಲೇನೇ, ಸೆಕೆ, ಅಂದೆ.
ಐದು ತಿಂಗಳು ಬೇಕಾಗಿತ್ತು ನನಗೆ ಆ ಒಂದು ಮಾತಿಗೆ.
ಯಾರಾದರೂ ಏನಾದರೂ ಅಂದರೆ ಅಂತ
ತೋಳೇರಿಸಿಕೊಂಡೇ ನಿಂತಿದ್ದೆ.

ಅವಳು ಕೂದಲಿಗೆ ಪಿನ್ನು ಚುಚ್ಚುತ್ತ, ತಿರುಗದೆ,
‘ಬೇಡ. ಇದರಲ್ಲಿ ಗೆರೆ ಉದ್ದ ಕಾಣ್ತದೆ.
ಭುಜದಿಂದ ಬೆರಳ ತುದೀವರೆಗೆ, ನಡುವೆ ಎಲ್ಲೂ ಕಡಿಯೋಲ್ಲ.’
ಅಷ್ಟೇ.
ನಾನು ಎತ್ತಿ ಹಿಡಿದಿದ್ದ ಜಗಳಕ್ಕೆ
ಇಡಲು ಜಾಗ ಸಿಗಲಿಲ್ಲ.

ಕರೀ ಪರದೆ. ದೀಪ ಬಿತ್ತು.
ಮಖಮಲ್ಲು ಕತ್ತಲೆಯಲ್ಲಿ ಕರಗಿ
ತೋಳು ಮಾಯ, ಮೈ ಮಾಯ;
ಉಳಿದದ್ದು ಒಂದು ಮುಖ, ಹತ್ತು ಬೆರಳು.
ಕಂದು, ಬಿಳಿ, ಕಂದು, ಬಿಳಿ,
ತಾಳ ತಪ್ಪದೆ ಮೇಲೇರಿ, ಒಂದು ಕ್ಷಣ ನಿಂತು,
ಇಳಿದವು.
ನಾನು ಮುಚ್ಚಿಟ್ಟಿದ್ದಕ್ಕೆ ಅಷ್ಟು ಬೆಳಕು!
ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.
ಏನೆಂದು ಕೇಳಿಸಲಿಲ್ಲ, ಕಿವಿ ಕೊಟ್ಟೂ.

ಆಮೇಲೆ ಕಾರಿನ ಬಳಿ, ಬಾಗಿಲ ಮರೆಯಲ್ಲಿ,
ಬೆವರಿಗೆ ಅಂಟಿದ ತೋಳು ಬರಲೊಲ್ಲದು.
‘ಎಳಿಯಮ್ಮಾ.’
ಎಳೆದೆ. ಒಳಹೊರಗಾಗಿ ಬಂತು,
ಬಿಳಿ ಹೊಲಿಗೆದಾರ ಕಾಣಿಸುತ್ತ, ಬಿಸಿಯಾಗಿ, ಒದ್ದೆಯಾಗಿ.
ಬನಿಯನ್ನಿನಲ್ಲಿ ನಿಂತವಳು, ಕೈ ಇನ್ನೂ ಮೇಲೇ,
‘ಬರೋ ವರ್ಷಕ್ಕೆ ಇದು ಸಾಲೋಲ್ಲ’ ಅಂದಳು.