ಸ್ವಾನ್ ಹಿಲ್‌ನ ಬಂಗುಡೆ

ಮುರಿದ ಕುರ್ಚಿಯ ಕಾಲು ಸಾಕು, ಅಂದ ಪಕ್ಕದ ಮನೆಯ ಡೆಸ್ಮಂಡ್.
ರೆಡ್ ಗಮ್ ಮುಟ್ಟಬೇಡ, ಕಲ್ಲಿನ ಹಾಗೆ ಮುಳುಗುತ್ತೆ,
ಸೀಡರ್ ಆದರೆ ಚಾಕುವಿನ ಮಾತು ಕೇಳುತ್ತೆ.
ಕೇಳಿತು. ಮೂರು ಸಂಜೆ ಗ್ಯಾರೇಜಿನಲ್ಲಿ ಕೂತು
ಗೇಣುದ್ದದ ಮರಕ್ಕೆ ಹೊಟ್ಟೆ ಬರಿಸಿದೆ, ಬೆನ್ನು ಬರಿಸಿದೆ.
ಶಾಲೆಬಸ್ಸು ಓಡಿಸುವ ಯೂನಿಫಾರ್ಮಿನ ತುಂಬ
ಮರುದಿನವೂ ಮರದ ಪುಡಿ.

ನಾನು ಮಲ್ಪೆಯವಳು. ನಮ್ಮಲ್ಲಿ
ದೋಣಿ ಗಂಡಸರದು, ಬುಟ್ಟಿ ಹೆಂಗಸರದು.
ಅಮ್ಮ ಕಲ್ಯಾಣಿಯ ಪಕ್ಕ ಕೂತು ಹನ್ನೊಂದು ವರ್ಷ ಮಾರಿದ್ದು
ಸತ್ತ ಮೀನು ಮಾತ್ರ.
ಕಿವಿರು ಎತ್ತು, ಕೆಂಪು ತೋರಿಸು.
ಕಣ್ಣು ಉಬ್ಬಿದ್ದರೆ ಇವತ್ತಿನದು,
ಕುಳಿಬಿದ್ದರೆ ಅರ್ಧ ಬೆಲೆ.
ಈಜುವಾಗ ಅದು ಹೇಗಿರುತ್ತೆ ಅಂತ
ಗಿರಾಕಿ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಗಾಗಿ ಮೊದಲ ಸಲ ಬಾತ್‌ಟಬ್ಬಿನಲ್ಲಿ ಬಿಟ್ಟಾಗ
ನನ್ನ ಮೀನು ಹೊಟ್ಟೆ ಮೇಲಾಗಿ ತೇಲಿತು.
ನನಗೆ ಗೊತ್ತಿದ್ದ ಮೀನನ್ನೇ ಮಾಡಿದ್ದೆ.

ಸೀಸ ಒಂದು ಬೆರಳು ಹಿಂದಕ್ಕೆ, ಅಂದ ಡೆಸ್ಮಂಡ್
ಬಾಗಿಲಲ್ಲೇ ನಿಂತು, ಬೂಟು ಬಿಚ್ಚಲು ಸೋಮಾರಿ.
ಗಲ್ಲಕ್ಕೆ ಒಂದು ತಗಡು ಬೇಕು,
ನೀರು ಅದಕ್ಕೆ ಬಡಿದರೆ ಮೀನು ಬಳುಕಿ ಕೆಳಗಿಳಿಯುತ್ತೆ.
ಬುತ್ತಿಪಾತ್ರೆಯ ಮುಚ್ಚಳ ಕತ್ತರಿಸಿದೆ.
(ಗಂಡ ಇನ್ನೂ ಹುಡುಕುತ್ತಿದ್ದಾನೆ. ಹುಡುಕಲಿ.)
ನಡು ಸೀಳಿ ತಂತಿ ಹಾಯಿಸಿ ಅಂಟಿಸಿದೆ,
ಹೊಟ್ಟೆಗೊಂದು, ಬಾಲಕ್ಕೊಂದು ಮೂರುಮುಳ್ಳಿನ ಗಾಳ.
ಮತ್ತೆ ಟಬ್ಬು, ಮತ್ತೆ ದಾರ.
ಎಳೆದೆ.
ಸೊಂಟ ಕುಣಿಸಿಕೊಂಡು ಬಂತು ಮಾರಾಯ್ರೆ,
ಸಾಬೂನಿನ ಡಬ್ಬಿಯನ್ನು ದಾಟಿ, ನನ್ನ ಕೈಗೆ!

ಬಣ್ಣ ಉಗುರಿನದು. ಹಸಿರು, ಬೆಳ್ಳಿ,
ಬೆನ್ನ ಮೇಲೆ ಕಪ್ಪು ಅಲೆಗೆರೆ.
ಕಣ್ಣಿಗೆ ಎರಡು ಹಣೆಬೊಟ್ಟು, ಮೇಲೊಂದು ತೊಟ್ಟು ಅಂಟು,
ಉಬ್ಬಬೇಕಲ್ಲ, ಇವತ್ತಿನದು ಅಂತ ಕಾಣಬೇಕಲ್ಲ.
ಇದೇನು, ಅಂದ. ಬಂಗುಡೆ, ಅಂದೆ.
ಸಮುದ್ರದ ಮೀನೇ? ನಕ್ಕ. ಈ ನದಿಯ ಕಾಡ್
ಏಳು ಜನ್ಮದಲ್ಲೂ ಅದನ್ನು ಕಂಡಿರಲಿಕ್ಕಿಲ್ಲ.

ಕಾಡ್. ಹೆಸರೇ ಹಾಗೆ,
ಅವನಿಗೆ ನಲವತ್ತು ವರ್ಷದಿಂದ ಕಾಡಿದೆ.
ಹಸಿವಿಗೆ ಕಚ್ಚುವುದು ಕಡಿಮೆ, ಅನ್ನುತ್ತಾನೆ,
ತನ್ನ ಕೊರಡಿನ ಹತ್ತಿರ ಯಾರೋ ಸುಳಿದರಲ್ಲ ಅಂತ
ಸಿಟ್ಟಿಗೆ ಕಚ್ಚುತ್ತೆ.
ಅಂಥವರನ್ನು ನಾನೂ ಬಲ್ಲೆ. ನಮ್ಮ ಸಂತೆಕಟ್ಟೆಯ ತುಂಬ ಅವರೇ.

ಜುಲೈ. ಮರ್ರೆಯ ಮೇಲೆ ಮಂಜು ಮೊಣಕಾಲೆತ್ತರ.
ಮುಳುಗಿದ ಮರದ ಬುಡಕ್ಕೆ ಎಸೆದೆ, ಸುತ್ತಿದೆ,
ಎಸೆದೆ, ಸುತ್ತಿದೆ,
ನೂರು ದಾಟಿದ ಮೇಲೆ ಎಣಿಸಲಿಲ್ಲ.
ಬೆರಳು ಮರಗಟ್ಟಿ, ಫ್ಲಾಸ್ಕಿನ ಚಹಾ ಮುಗಿದು,
ಇನ್ನು ಹೊರಡೋಣ ಅನ್ನುವಾಗ
ಯಾರೋ ಬಾಗಿಲು ಹಾಕಿದ ಹಾಗೆ
ದಾರ ನಿಂತಿತು. ಆಮೇಲೆ
ಬಾಗಿಲೇ ನಡೆಯತೊಡಗಿತು.

ಐವತ್ತೈದರಿಂದ ಎಪ್ಪತ್ತೈದು ಸೆಂಟಿಮೀಟರು ಸಾರಿಗೆ,
ಅದರ ಮೇಲಿನದು ನದಿಗೆ, ಇಲ್ಲಿಯ ಕಾನೂನು.
ಒದ್ದೆ ಚಾಪೆಯ ಮೇಲೆ ಅದು ಮಲಗಿತ್ತು,
ಮೈಯೆಲ್ಲ ಪಾಚಿಬಣ್ಣದ ಚುಕ್ಕೆ,
ನನ್ನ ಬಂಗುಡೆ ಅದರ ತುಟಿಯಂಚಿನಲ್ಲಿ
ಬೀಡಿಯ ಹಾಗೆ ನೇತಾಡುತ್ತ.

ಎಷ್ಟು? ಕೂಗಿದ ಡೆಸ್ಮಂಡ್ ಟಾರ್ಚು ಹಿಡಿದು.
ಬಾಯಿಗೆ ಬಂದದ್ದು ಬೆಲೆ. ನುಂಗಿಕೊಂಡೆ.
ತೊಂಬತ್ತೊಂದು, ಅಂದೆ.

ಅಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಹೋಗಿತ್ತು
ಕಿವಿರು ಎತ್ತಲು.
ಎತ್ತುವ ಮೊದಲೇ
ಅದೇ ತೆರೆಯಿತು, ಮುಚ್ಚಿತು, ತೆರೆಯಿತು.
ಕೆಂಪು.
ಹನ್ನೊಂದು ವರ್ಷ ನಾನೇ ಎತ್ತಿ ತೋರಿಸಿದ ಕೆಂಪು.

ತಣ್ಣೀರಲ್ಲಿ ಮಂಡಿಯೂರಿ ಹಿಡಿದುಕೊಂಡೆ,
ಬಾಲ ಒಮ್ಮೆ ಬೀಸಿ ಹೋಯಿತು. ಹಿಂದಿರುಗಿ ನೋಡಲಿಲ್ಲ,
ನೋಡಬೇಕಾಗಿಯೂ ಇರಲಿಲ್ಲ.

ಬಂಗುಡೆ ಈಗ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ.
ಒಂದು ಕಡೆ ಬಣ್ಣವೆಲ್ಲ ಉಜ್ಜಿಹೋಗಿದೆ,
ಮರಳುಕಾಗದ ತಿಕ್ಕಿದ ಹಾಗೆ. ಒಂದು ಕಣ್ಣಿಲ್ಲ.
ಬೊಟ್ಟಿನ ಚೀಟಿಯಲ್ಲಿ ಇನ್ನೂ ಐದು ಉಳಿದಿವೆ,
ಹಚ್ಚಬಹುದು.
ಹಚ್ಚಿಲ್ಲ.