ಹಲಗೆ ನಂಬರ್ ನಲವತ್ತೊಂದು

ಪೋರ್ಟ್ ಕ್ರೇಗಿಯ ಪುರಸಭೆಯಲ್ಲಿ
ನಡಾವಳಿ ಬರೆಯುವವಳು ನಾನು.
ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಅಷ್ಟೇ.
ಯಾರ ದನಿ ನಡುಗಿತು ಎಂಬುದಕ್ಕೆ
ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಜೂನ್ ತಿಂಗಳು. ನ್ಯೂಜಿಲೆಂಡಿನ ಈ ತುದಿಗೆ ಜೂನ್ ಅಂದರೆ ಕಡುಚಳಿ.
ಹಿಮಖಂಡ ಬಿಟ್ಟು ಹೊರಟ ಗಾಳಿಗೆ
ಮೊದಲು ಎದುರಾಗುವ ಗೋಡೆ
ನಮ್ಮ ಸ್ಟೇಡಿಯಂನ ತೆಂಕಣ ಸ್ಟ್ಯಾಂಡು.
ಅದರ ಎದೆಗೆ ಹಳದಿ ನೋಟೀಸು:
ಭೂಕಂಪದ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು.
ಫೇಲಾದ ಹುಡುಗ ಅಂಕಪಟ್ಟಿ ಹಿಡಿದು
ಮನೆಯೊಳಗೆ ಬರಲಾರದೆ ನಿಂತ ಹಾಗೆ
ನಿಂತಿದೆ ಎರಡು ವರ್ಷದಿಂದ,
ನೆತ್ತಿಯ ಮೇಲೆ ಕಡಲಹಕ್ಕಿಗಳನ್ನು ಕೂರಿಸಿಕೊಂಡು.

ರಿಪೇರಿಗೆ ಮೂರೂವರೆ ಕೋಟಿ ಡಾಲರು.
ರಾಜಧಾನಿ ಕಳಿಸಿದ್ದು ಹದಿನೆಂಟು ಲಕ್ಷ,
ಜೊತೆಗೊಂದು ಶುಭಹಾರೈಕೆಯ ಪತ್ರ.
ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ;
ಆ ಮಜ್ಜಿಗೆಗೂ ರಸೀತಿ ಕೇಳಿದ್ದರು.

ಹಣಕಾಸಿನ ಆಲಸ್ಡೇರ್ ಗೆಡ್ಡೀಸ್ ಗೋಡೆಯ ಮೇಲೆ ಕೋಷ್ಟಕ ಬೆಳಗಿಸಿದರು.
"ಮನೆಗಂದಾಯ ನೂರಕ್ಕೆ ಹನ್ನೊಂದು ಏರಬೇಕು.
ಇಲ್ಲವೇ, ಈಜುಕೊಳ.
ಇಲ್ಲವೇ, ಗ್ರಂಥಾಲಯ."
ಒಂದೊಂದು 'ಇಲ್ಲವೇ'ಗೂ
ಎಲ್ಲೋ ಒಂದು ಬಾಗಿಲಿಗೆ ಚಿಲಕ ಬಿದ್ದ ಸದ್ದು.

ಹುಡುಗಿಯರ ತಂಡದ ಕೋಚ್ ಲೆಸಿಯೆಲಿ ಎದ್ದು ನಿಂತಳು.
"ನನ್ನ ಮಕ್ಕಳು ಬಟ್ಟೆ ಬದಲಿಸೋದು ಹಡಗಿನ ಡಬ್ಬಿಯಲ್ಲಿ.
ಮೀನಿನ ವಾಸನೆ ಇನ್ನೂ ಹೋಗಿಲ್ಲ.
ಎದುರು ತಂಡದವರು ಮೂಗು ಮುಚ್ಚಿಕೊಂಡೇ ಕೈಕುಲುಕ್ತಾರೆ."
ಯಾರೋ ನಕ್ಕರು. ಅವಳು ನಗಲಿಲ್ಲ.
ನಾನು ಬರೆದೆ: 'ಸೌಲಭ್ಯಗಳ ಕೊರತೆ ಪ್ರಸ್ತಾಪವಾಯಿತು.'

ಕೊನೆಗೆ ನೈರಿ ಪ್ಯಾಸ್ಕೋ. ಎಂಬತ್ತೊಂದು ವರ್ಷ.
ಪ್ರತಿ ಬಜೆಟ್ಟಿಗೂ ಅದೇ ಹಸಿರು ಕೋಟು, ಅದೇ ಮಾತು.
"ನನ್ನ ಬೀದಿಯ ಪೈಪು ನನಗಿಂತ ಹಿರಿಯದು.
ನಲ್ಲಿ ತಿರುಗಿಸಿದರೆ ಚಹಾನೇ ಬರುತ್ತೆ, ಸೊಪ್ಪು ಹಾಕಬೇಕಿಲ್ಲ.
ಮೊದಲು ಅದು. ಚೆಂಡು ಆಮೇಲೆ."

ಆರಕ್ಕೆ ಐದು.
ಕೆಡವುವುದೆಂದು ತೀರ್ಮಾನ.

ಕೆಡವಲೂ ದುಡ್ಡು ಬೇಕೆಂದು
ಯಾರಿಗೂ ಹೊಳೆದಿರಲಿಲ್ಲ ನೋಡಿ.
ಹಾಗಾಗಿ ಬೆಂಚುಗಳನ್ನು ಮಾರಿದೆವು:
ಹಳೆಯ ರಿಮು ಮರ,
ಒಬ್ಬರು ಕೂರುವಷ್ಟು ಅಗಲಕ್ಕೆ ಗರಗಸ ಹಾಕಿ,
ಒಂದಕ್ಕೆ ಎಂಬತ್ತೈದು ಡಾಲರು.
ರಸೀತಿ ಪುಸ್ತಕವೂ ನನ್ನ ಕೈಗೇ ಬಂತು.

ಮೂರನೆಯ ದಿನ ಹಸಿರು ಕೋಟು.
ಲಕೋಟೆಯಲ್ಲಿ ಎಣಿಸಿ ತಂದ ನೋಟು.
"ನಲವತ್ತೊಂದು ಕೊಡಮ್ಮಾ."
ಯಜಮಾನರದಾ ಅಂದೆ.
"ಅವನದು ನಲವತ್ತು. ಅದು ನಿನ್ನೆಯೇ ಹೋಯ್ತಂತೆ.
ನಲವತ್ತೊಂದರ ಮೇಲೆ ಅವನು ಟೋಪಿ ಇಡ್ತಿದ್ದ,
ಶನಿವಾರ ಶನಿವಾರ,
ನಾನು ಬಂದರೆ ಜಾಗ ಇರಲಿ ಅಂತ."
ಬರ್ತಿದ್ರಾ?
"ಇಲ್ಲಪ್ಪ. ರಗ್ಬಿ ಅಂದ್ರೆ ಇವತ್ತಿಗೂ ಆಗಲ್ಲ ನಂಗೆ."
ಚಿಲ್ಲರೆ ಐದು ಡಾಲರು ಮರಳಿ ಕೊಟ್ಟೆ.
ಎರಡು ಸಲ ಎಣಿಸಿಕೊಂಡಳು.

ಈಗ ಅಲ್ಲಿ ಸ್ಟ್ಯಾಂಡಿಲ್ಲ.
ಗಾಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ;
ನೇರ ಮೈದಾನಕ್ಕಿಳಿದು ಚೆಂಡಿನ ದಾರಿ ತಪ್ಪಿಸುತ್ತದೆ.
ಬಯಲಲ್ಲೇ ಆಡುತ್ತಾರೆ ಲೆಸಿಯೆಲಿಯ ಹುಡುಗಿಯರು,
ಮೊಣಕಾಲುದ್ದ ಕೆಸರು, ಬಾಯ್ತುಂಬ ಬೈಗುಳ.

ಬೇಲಿಯಾಚೆ, ಬಸ್ ನಿಲ್ದಾಣದ ಕಂಬದ ಬಳಿ,
ಎರಡು ಪೇಂಟು ಡಬ್ಬಿಗಳ ಮೇಲೆ
ಹಲಗೆ ನಂಬರ್ ನಲವತ್ತೊಂದು.
ಅದರ ಮೇಲೆ ನೈರಿ, ರಸ್ತೆಗೆ ಬೆನ್ನು ಹಾಕಿ.
ಕಾರು ನಿಲ್ಲಿಸಿ ಕೇಳಿದೆ, ಬರ್ತೀರಾ, ಮನೆಗೆ ಬಿಡ್ತೀನಿ.
"ಬೇಡಮ್ಮ. ಬಸ್ಸಿಗೆ ಕಾಯ್ತಿದೀನಿ" ಅಂದಳು,
ಚೆಂಡಿನಿಂದ ಕಣ್ಣು ಕೀಳದೆ.

ಶನಿವಾರದ ಬಸ್ಸನ್ನು
ಪುರಸಭೆ ಮಾರ್ಚಿಯಲ್ಲೇ ನಿಲ್ಲಿಸಿತ್ತು.
ಆ ನಿರ್ಣಯ ಬರೆದವಳು ನಾನೇ.
ಅದನ್ನು ವಿರೋಧಿಸಿ, ಹೆಸರು ಬರೆದುಕೋ ಎಂದು
ಮೇಜು ಕುಟ್ಟಿದವಳು ಅವಳು.