ಮೇಣದ ಮೇಲಿನ ಹೆಬ್ಬೆರಳು

ಅಂಚೆಚೀಲದಲ್ಲೇ ತಂದಿದ್ದ ಟಾರ್ಮೊಡ್,
ನಿವೃತ್ತನಾದ ಮೇಲೂ ಬಿಡದ ಅದೇ ಚೀಲ.
ಮೇಜಿನ ಮೇಲಿಟ್ಟು, "ಸತ್ತಿದೆಯೋ ಮಲಗಿದೆಯೋ ನೋಡು" ಅಂದ.

ಬಿಚ್ಚಿದೆ.
ಕುರಿಚರ್ಮದ ತಿತ್ತಿ ಒಣಗಿ ಹಪ್ಪಳ,
ಮುಟ್ಟಿದಲ್ಲೆಲ್ಲ ಪುಡಿ.
ಜೇನು ಸವರಿ ಅದನ್ನು ಹದಮಾಡಿದ್ದ ಯಾರದೋ ಕೈ
ಇನ್ನೂ ಒಂದಿಷ್ಟು ಸಿಹಿ ವಾಸನೆ ಉಳಿಸಿತ್ತು.
ಹೆಗಲಿಗೊರಗುವ ಶ್ರುತಿಗೊಳವೆ ಎರಡೇ.
ಈಗಿನವಕ್ಕೆ ಮೂರು. ಆ ಉದ್ದನೆಯ ಮೂರನೆಯದು
ಇದಕ್ಕೆ ಎಂದೂ ಇರಲೇ ಇಲ್ಲ;
ಕಳೆದುಹೋಯಿತೆಂದು ಯಾರೂ ಅಳಬೇಕಿಲ್ಲ.

ಬೆರಳಿನ ತೂತುಗಳನ್ನು ದೀಪಕ್ಕೆ ಹಿಡಿದೆ.
ಹೊಸ್ತಿಲು ಸವೆದ ಹಾಗೆ ಮರ ಸವೆದಿದೆ.
ಸವೆತ ಓರೆ: ಕೆಳಗೆ ಆಡಿದ್ದು ಎಡಗೈ.
ಹೆಸರಿಲ್ಲ, ಊರಿಲ್ಲ, ಗೋರಿಕಲ್ಲಿಲ್ಲ,
ಎಡಚನೆಂಬುದು ಮಾತ್ರ ಉಳಿದಿದೆ.

ನನ್ನ ಚಿಕ್ಕಮ್ಮ ಓಯ್ರಿಕ್‌ಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ.
ಜವುಗಿನಲ್ಲಿ ಉರುವಲ ಮಣ್ಣು ಕೊಯ್ಯುತ್ತ, ಗುದ್ದಲಿಯ ಲಯಕ್ಕೆ
ಹಿಯೆನ್ ಹೊದ್ರೊ, ಹಾರಿನ್ ಹೋ, ಹಿಯೆನ್ ಹೊದ್ರೊ,
ಇಡೀ ರಚನೆಯನ್ನು ಬಾಯಲ್ಲೇ ಒಪ್ಪಿಸುತ್ತಿದ್ದಳು.
ಅರ್ಥ ಕೇಳಿದರೆ ಬೈಗುಳ:
"ಗಾಳಿಗೆ ಅರ್ಥ ಕೇಳ್ತೀಯಾ? ಬೆರಳಿಗೆ ಗೊತ್ತು ಬಿಡು."
ಮೊದಲ ಭಾಗಕ್ಕೆ ನಮ್ಮ ಮಾತಿನಲ್ಲಿ ನೆಲ ಎಂದೇ ಹೆಸರು.
ನೆಲದ ಮೇಲೆ ನಡೆ, ನಡೆಯ ಮೇಲೆ ಓಟ,
ಓಟದ ಮೇಲೆ ಎಣಿಸಲಾಗದ ಬೆರಳ ಕಿಡಿ,
ಕೊನೆಗೆ ಬರಿಗಾಲಲ್ಲಿ ಮತ್ತೆ ನೆಲಕ್ಕೆ.

ಈ ವಾದ್ಯಕ್ಕೆ ಮೌನ ಬರದು.
ತಿತ್ತಿ ತುಂಬಿತೆಂದರೆ ಮುಗಿಯಿತು, ನಡುವೆ ನಿಲ್ಲುವಂತಿಲ್ಲ,
ಮೆಲ್ಲಗೆ ಅನ್ನುವಂತಿಲ್ಲ.
ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಿದ್ದರೆ
ನಡುವೆ ಇನ್ನೊಂದನ್ನು ಚಿಟಿಕೆಯಷ್ಟು ತೂರಿಸಿ ಕತ್ತರಿಸಬೇಕು.
ಮದುವೆಯಲ್ಲೂ ಅಷ್ಟೇ ಜೋರು, ಸಾವಿನ ಮನೆಯಲ್ಲೂ ಅಷ್ಟೇ.
ಊದುವವನು ಉಸಿರೆಳೆದುಕೊಳ್ಳುವಾಗ
ಅವನ ಬದಲು ಕಂಕುಳು ಉಸಿರು ಬಿಡುತ್ತದೆ.

ಸಮಿತಿಯವರು ಬಂದರು. ಆಗಸ್ಟಿನ ಕೂಟದಲ್ಲಿ ಇದು ನುಡಿಯಬೇಕಂತೆ,
ಹನ್ನೆರಡು ಹೊಸ ಪೈಪುಗಳ ಜೊತೆ, ಒಂದೇ ಶ್ರುತಿಯಲ್ಲಿ.
ಹೊಸ ತಿತ್ತಿ ಹೊಲಿದೆ. ಜೊಂಡಿನ ನಾಲಗೆ ಕೆತ್ತಿದೆ.
ಊದಿದೆ.
ಈಗಿನವರ ಹೊಳಪು ಶ್ರುತಿಗಿಂತ ಕೆಳಗೆ,
ಮಣ್ಣಿನ ಬಣ್ಣದಲ್ಲಿ ದನಿ ತೆಗೆಯಿತು.
ಒಂದು ಸ್ವರ ಮಾತ್ರ, ಮೇಲಿಂದ ಮೂರನೆಯ ತೂತು,
ಅತ್ತಲೂ ಅಲ್ಲ ಇತ್ತಲೂ ಅಲ್ಲ,
ಪಿಯಾನೊದ ಎರಡು ಮನೆಗಳ ನಡುವಿನ ಸಂದಿಯಲ್ಲಿ ಸಂಸಾರ ಹೂಡಿತ್ತು.

"ಅಪಸ್ವರ" ಅಂದರು ಅಧ್ಯಕ್ಷರು, ವಿನಯದಿಂದಲೇ.
"ಆ ತೂತಿನ ಮೇಣ ಕೆರೆದುಬಿಡಿ, ಸರಿಹೋಗುತ್ತೆ."

ಮೇಣವೇನೋ ಇತ್ತು.
ತೂತಿನ ಮೇಲಂಚಿಗೆ ಒತ್ತಿದ್ದ ಜೇನುಮೇಣ, ಕಪ್ಪಾಗಿ, ಕಲ್ಲಾಗಿ.
ಭೂತಗನ್ನಡಿ ಹಿಡಿದೆ:
ಹೆಬ್ಬೆರಳ ಗೆರೆಗಳು.
ಒಂದು ಸುಳಿ, ಸುಳಿಗೆ ಅಡ್ಡಲಾಗಿ ಹಳೆಯ ಗಾಯದ ಕಲೆ.
ತಪ್ಪಿ ಬಂದದ್ದಲ್ಲ ಆ ಸ್ವರ.
ಒಬ್ಬ ಕೂತು, ಕೇಳಿ, ಒತ್ತಿ, ಮತ್ತೆ ಕೇಳಿ,
ಇಲ್ಲೇ ಇರು, ಇನ್ನು ಅಲುಗಬೇಡ, ಎಂದು ಹೇಳಿ ಹೋದದ್ದು.

ಚಾಕು ಕೆಳಗಿಟ್ಟೆ.
ಸಮಿತಿಗೆ ಹನ್ನೆರಡು ಪೈಪು ಸಾಕು.

ಟಾರ್ಮೊಡ್ ಬಂದ ಸಂಜೆ ಹಿಂದಿನ ಬಯಲಲ್ಲಿ ನಿಂತು
ತೊರೆಯಾಚೆಯ ಛಾವಣಿಯಿಲ್ಲದ ಗೋಡೆಗಳ ಕಡೆ ತಿರುಗಿ
ನೆಲದ ಭಾಗ ಮಾತ್ರ ಊದಿದೆ.
ಕುರಿಗಳು ತಲೆಯೆತ್ತಿದವು, ಮತ್ತೆ ಮೇಯತೊಡಗಿದವು.
ಟೋಪಿ ತೆಗೆದು ಕೂತಿದ್ದ ಅವನು ಏನೂ ಹೇಳಲಿಲ್ಲ.
ತೊಡೆಯ ಮೇಲೆ ಎಡಗೈ ಬೆರಳುಗಳು ಆಡುತ್ತಿದ್ದವು.
ಅವನೂ ಎಡಚನೆಂದು
ನಲವತ್ತು ವರ್ಷ ಅವನ ಕೈಯಿಂದಲೇ ಕಾಗದ ಇಸಿದುಕೊಂಡ ನಾನು
ನೋಡಿಯೇ ಇರಲಿಲ್ಲ.